ಅಜ್ಜಿಗೂ ಮೊಮ್ಮಗನಿಗೂ ಒಂದೇ ಸಿನಿಮಾ: ಹಾಡಿನ ನಗೆಚಿತ್ರವೋ, ಮಾಯಾಮಂತ್ರದ ಚಿತ್ರವೋ?

ಕೊಥ್ರೂಡ್ ಕಟ್ಟೆ
ಪುಣೆಯ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ದೀಪಾವಳಿ ರಜೆಯಲ್ಲಿ ಒಂದು ಸಂಜೆ ಸೇರುತ್ತೇವೆ. ಈ ಸಲ ಭಾಷಣ, ಸನ್ಮಾನ, ಶಾಲು-ಹಾರ ಎಲ್ಲವನ್ನೂ ಬಿಟ್ಟು ಒಂದು ಹಳೆಯ ಸಿನಿಮಾ ಹಾಕೋಣ ಎಂದು ಸಭೆಯಲ್ಲಿ ಬಾಯಿಬಿಟ್ಟೆ. ಬಾಯಿಬಿಟ್ಟವನ ತಲೆಗೇ ಕೆಲಸ ಕಟ್ಟಿದರು.

ಷರತ್ತುಗಳು ಹೀಗಿವೆ. ಯಾರೂ ಕ್ಷಯರೋಗದಿಂದ ಸಾಯಬಾರದು. ನಾಯಕಿ ಬಾವಿಗೆ ಹಾರಬಾರದು. ಎಂಬತ್ತು ದಾಟಿದ ಅಜ್ಜಿಯರೂ ಮೂರನೆಯ ತರಗತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ನಗಬೇಕು. ಸಮಿತಿಯಲ್ಲಿ ಈಗಾಗಲೇ ಎರಡು ಬಣ. ಒಂದು ಬಣಕ್ಕೆ ಹಾಡು ತುಂಬಿದ ನಗೆಚಿತ್ರ ಬೇಕು. ಇನ್ನೊಂದಕ್ಕೆ ನಿರ್ದೇಶಕ ವಿಠ್ಠಲಾಚಾರ್ಯರ ಕಾಲದ ಮಾಂತ್ರಿಕ, ಹಾರುವ ಮಂಚ, ಮಾತನಾಡುವ ಗಿಳಿ. ನಗೆಚಿತ್ರದ ಬಣ ಹೇಳುವುದೇನೆಂದರೆ, ಈಗಿನ ಮಕ್ಕಳು ಗ್ರಾಫಿಕ್ಸ್ ನೋಡಿ ಬೆಳೆದವರು, ದಾರ ಕಟ್ಟಿ ಹಾರಿಸಿದ ಗದೆಯನ್ನು ಕಂಡರೆ ಗೇಲಿ ಮಾಡಿ ಎದ್ದುಹೋಗುತ್ತಾರೆ. ನನ್ನ ಮನಸ್ಸು ಇದನ್ನು ಒಪ್ಪುವುದಿಲ್ಲ, ಆದರೆ ತಿರುಗಿ ಹೇಳಲು ಗಟ್ಟಿಯಾದ ಮಾತೂ ಸಿಗುತ್ತಿಲ್ಲ. ನೀವು ಏನನ್ನುತ್ತೀರಿ?

ಮಾಟುಂಗಾ ಮಾಣಿ
ದಾರ ಕಾಣುವುದರಲ್ಲೇ ಅರ್ಧ ಮಜಾ ಇದೆ ಸ್ವಾಮಿ! ದಾರ ಕಂಡ ಮಗು ‘ಇದನ್ನು ಹೇಗೆ ಮಾಡಿದರು’ ಎಂದು ಕೇಳುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಕಂಡರೆ ಏನನ್ನೂ ಕೇಳುವುದಿಲ್ಲ. ನನ್ನ ಮತ ಮಾಂತ್ರಿಕನಿಗೆ.

ಹಿಂಜವಾಡಿ ಹುಡುಗ
ಮಾಣಿ ಅಣ್ಣ, ನಿಮಗೆ ಬಾಲ್ಯದ ನೆನಪು ಅಂಟಿಕೊಂಡಿದೆ, ಅದಕ್ಕೆ ದಾರವೂ ಚೆನ್ನಾಗಿ ಕಾಣುತ್ತದೆ. ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಕಪ್ಪು-ಬಿಳುಪು ಎಂದರೆ ಟಿವಿ ಕೆಟ್ಟಿದೆ ಎಂದುಕೊಳ್ಳುತ್ತಾನೆ. ನಗೆಚಿತ್ರವೇ ಸರಿ. ‘ಪಡೋಸನ್’ ಹಾಕಿ, ಕೆಲಸ ಮುಗಿಯಿತು. ಬಣ್ಣವೂ ಇದೆ.

ಹಳೆಯ ರೀಲು
ದಾರದ ವಿಷಯ ಬಂದದ್ದರಿಂದ ಹೇಳುತ್ತೇನೆ. ಮುಂಬಯಿಯ ಬಾಬೂಭಾಯಿ ಮಿಸ್ತ್ರಿಯವರಿಗೆ ‘ಕಾಲಾ ಧಾಗಾ’ ಎಂದೇ ಅಡ್ಡಹೆಸರಿತ್ತು. 1937ರ ‘ಖ್ವಾಬ್ ಕೀ ದುನಿಯಾ’ ಚಿತ್ರದಲ್ಲಿ ಕಪ್ಪು ಪರದೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳನ್ನು ತಾವಾಗಿಯೇ ಓಡಾಡುವಂತೆ ಮಾಡಿದ್ದರು. ದಾರ ಕಣ್ಣಿಗೆ ಬೀಳಬಾರದೆಂಬುದೇ ಅವರ ಕಸುಬು. ಇಂದು ಕಾಣುತ್ತದೆ ಎಂದರೆ ಬಹುಪಾಲು ಸಲ ಯಾರೋ ಪ್ರತಿಯ ಬೆಳಕನ್ನು ಮನಸ್ಸಿಗೆ ಬಂದಂತೆ ಹೆಚ್ಚಿಸಿದ್ದಾರೆ ಎಂದರ್ಥ. ಒಳ್ಳೆಯ ಪ್ರತಿ ಹುಡುಕಿ, ಅರ್ಧ ಗೇಲಿ ಅಲ್ಲೇ ನಿಲ್ಲುತ್ತದೆ.

ಮುಂದೆ ಅವರೇ ನಿರ್ದೇಶಿಸಿದ ‘ಪಾರಸ್‌ಮಣಿ’ 1963ರಲ್ಲಿ ಬಂತು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಮೊದಲು ಬಿಡುಗಡೆಯಾದ ಚಿತ್ರ ಅದು. ಹಾಡಿನ ಚಿತ್ರ ಬೇಕು ಎನ್ನುವವರೂ ಮಾಯಾಜಾಲ ಬೇಕು ಎನ್ನುವವರೂ ಏಕೆ ಹೊಡೆದಾಡುತ್ತೀರೋ ತಿಳಿಯದು. ಆ ಕಾಲದಲ್ಲಿ ಎರಡೂ ಒಂದೇ ಟಿಕೆಟಿಗೆ ಸಿಗುತ್ತಿದ್ದವು.

ಚೆಂಬೂರು ಚಟಾಕಿ
ನಮ್ಮ ಚೆಂಬೂರನ್ನು ಮರೆತರೆ ಹೇಗೆ? ಹೋಮಿ ವಾಡಿಯಾ ಅವರ ಬಸಂತ್ ಸ್ಟುಡಿಯೊ ಇದ್ದದ್ದು ಇಲ್ಲಿ. ‘ಅಲ್ಲಾದ್ದೀನ್ ಔರ್ ಜಾದೂಯಿ ಚಿರಾಗ್’ 1952, ‘ಹಾತಿಮ್ ತಾಯಿ’ 1956, ಎರಡೂ ಅವರವು. ಅಲ್ಲಾದ್ದೀನನ ಜೊತೆಗೆ ನಾಯಕಿ ಮೀನಾಕುಮಾರಿ! ಅಳುವ ಪಾತ್ರಗಳಿಗೆ ಹೆಸರಾಗುವ ಮೊದಲು ಆಕೆಯನ್ನು ಈ ಚಿತ್ರಗಳಲ್ಲಿ ನೋಡಬೇಕು, ಎಷ್ಟು ಹಗುರವಾಗಿ ಕಾಣುತ್ತಾರೆ.

ಇನ್ನು ನಾಡಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಹುಡುಗಿ 1935ರಲ್ಲಿ ‘ಹಂಟರ್‌ವಾಲಿ’ಯಾಗಿ ಚಾಟಿ ಬೀಸಿದಳು. ನಿಮ್ಮ ಮೂರನೆಯ ತರಗತಿಯ ಹೆಣ್ಣುಮಕ್ಕಳಿಗೆ ಅದನ್ನು ತೋರಿಸಿ, ಮರುದಿನ ಸೋಫಾ ಉಳಿಯುವುದಿಲ್ಲ.

ಡೆಕ್ಕನ್ ಧಾರವಾಡ
ಎಲ್ಲರೂ ಹಿಂದಿ ಚಿತ್ರಗಳ ಪಟ್ಟಿ ಓದುತ್ತಿದ್ದೀರಿ. ಸೇರುತ್ತಿರುವುದು ಕನ್ನಡಿಗರು ತಾನೇ? ವರ್ಷಕ್ಕೊಂದು ಸಂಜೆಯೂ ಕನ್ನಡ ಕೇಳಿಸದಿದ್ದರೆ ಅಲ್ಲಿಗೆ ಬಂದು ಏನು ಮಾಡುವುದು, ಚಕ್ಕುಲಿ ತಿನ್ನುವುದೇ? ಎಮ್ಮೆ ತಮ್ಮಣ್ಣ! ರಾಜಕುಮಾರ್ ಅವರ ಎರಡು ಪಾತ್ರ, ಪಂತುಲು ಅವರ ನಿರ್ದೇಶನ, 1966. ‘ನೀನಾರಿಗಾದೆಯೋ ಎಲೆ ಮಾನವಾ’ ಬಂದಾಗ ಅಜ್ಜಿಯರೆಲ್ಲ ತಾವೇ ಹಾಡುತ್ತಾರೆ.

ಹಿಂಜವಾಡಿ ಹುಡುಗ
ಗೋವಿನ ಹಾಡಿಗೆ ಅಳುತ್ತಾರೆ ರಾಯರೇ. ಷರತ್ತು ಓದಿ.

ಡೊಂಬಿವಲಿ ಅಕ್ಕ
ಒಂದು ಮಾತು ಯಾರೂ ಎತ್ತಲಿಲ್ಲ. ನಗೆಚಿತ್ರದ ನಗುವೆಲ್ಲ ಮಾತಿನಲ್ಲಿರುತ್ತದೆ. ನನ್ನ ಮಕ್ಕಳು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಆಡಿದ್ದು ಮರಾಠಿಯಲ್ಲಿ, ಬೈಸಿಕೊಂಡದ್ದು ಮಾತ್ರ ಕನ್ನಡದಲ್ಲಿ. ನರಸಿಂಹರಾಜು ಅವರ ಚಿತ್ರ ಹಾಕಿದಾಗ ನಾನೂ ನಮ್ಮವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಮಕ್ಕಳು ‘ಏನಾಯಿತು, ಏನೆಂದರು’ ಎಂದು ನಮ್ಮ ಮುಖ ನೋಡುತ್ತಿದ್ದರು. ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ಎರಡು ತಮಾಷೆ ತಪ್ಪಿಹೋಗುತ್ತಿತ್ತು. ಅವರಿಗೆ ತಾನಾಗಿ ನಗು ಬಂದದ್ದು ನರಸಿಂಹರಾಜು ಮಾತು ನಿಲ್ಲಿಸಿ ಹಲ್ಲು ಬಿಟ್ಟು, ಕಣ್ಣು ಹೊರಳಿಸಿ ಓಡಿದಾಗ.

ಅದೇ ‘ಮಾಯಾಬಜಾರ್’ನ ಘಟೋತ್ಕಚ ಊಟಕ್ಕೆ ಕುಳಿತ ದೃಶ್ಯ ನೋಡಿ. ಲಾಡುಗಳು ತಾವಾಗಿಯೇ ಎದ್ದು ರಂಗಾರಾವ್ ಅವರ ಬಾಯಿಗೆ ಹೋಗಿ ಬೀಳುತ್ತವೆ. ಯಾವ ಭಾಷೆ ಬೇಕು ಅದಕ್ಕೆ? ಕನ್ನಡ ಅರ್ಧಂಬರ್ಧ ಬರುವ ಮಕ್ಕಳೇ ಹೆಚ್ಚಿರುವ ನಮ್ಮಂಥ ಊರುಗಳಲ್ಲಿ ಮಾಯಾಮಂತ್ರವೇ ಸರಿ ಎನ್ನುತ್ತೇನೆ.

ಕೊಥ್ರೂಡ್ ಕಟ್ಟೆ
ಅಕ್ಕಾ, ನಾನು ಹುಡುಕುತ್ತಿದ್ದ ಮಾತು ಇದೇ. ಸಮಿತಿಯಲ್ಲಿ ನನ್ನದೇ ಎಂದು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಾಸ್ಕೋದ ಮಾವ
ಗೋವಾದ ಕಡೆಯಿಂದ ಒಂದು ಮತ. ‘ಗೋವಾದಲ್ಲಿ ಸಿ.ಐ.ಡಿ. 999’ ಬಿಟ್ಟು ಇನ್ನೇನು ಹಾಕುತ್ತೀರಿ? 1968, ದೊರೆ-ಭಗವಾನ್, ರಾಜಕುಮಾರ್ ಅವರ ಕೋಟು-ಟೈ, ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಅದರಿಂದಲೇ. ಗೋವಾ ಪೋರ್ಚುಗೀಸರ ಕೈ ಬಿಟ್ಟದ್ದು 1961ರ ಡಿಸೆಂಬರಿನಲ್ಲಿ. ಏಳು ವರ್ಷ ತುಂಬುವಷ್ಟರಲ್ಲಿ ನಮ್ಮ ಪತ್ತೇದಾರ ಇಲ್ಲಿಗೆ ಬಂದಿದ್ದ, ಪ್ರವಾಸಿಗಳ ಹಿಂಡು ಬರುವುದಕ್ಕೆ ಬಹಳ ಮೊದಲು. ಅಂಥ ಚಿತ್ರದಲ್ಲಿ ವಿಲನ್ನನ ಅಡ್ಡಾ, ಗುಂಡಿ ಒತ್ತಿದರೆ ಸರಿಯುವ ಗೋಡೆ, ಮಿಣುಕುವ ದೀಪ, ಎಲ್ಲ ಇದ್ದೇ ಇರುತ್ತದೆ. ಮಾಂತ್ರಿಕನ ಗುಹೆಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ ನೋಡೋಣ.

ಹಳೆಯ ರೀಲು
ಮಾವನವರೇ, ಆ ಸಾಲಿನ ಮೊದಲನೆಯದು ‘ಜೇಡರ ಬಲೆ’. ಅದೂ 1968ರದ್ದೇ. ಮೂರನೆಯದು ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1969. ನಾಲ್ಕನೆಯದು ‘ಆಪರೇಷನ್ ಡೈಮಂಡ್ ರಾಕೆಟ್’, 1978. ಮಕ್ಕಳಿಗೆ ಮೊದಲನೆಯದರಿಂದ ಶುರು ಮಾಡಿಸಬೇಕು.

ವಾಸ್ಕೋದ ಮಾವ
ಗೋವಾ ಬಿಟ್ಟು ಶುರು ಮಾಡಿಸುವುದಾದರೆ ನನ್ನ ಮತ ವಾಪಸ್ಸು.

ಚೆಂಬೂರು ಚಟಾಕಿ
ಪತ್ತೇದಾರ ಬೇಕಿದ್ದರೆ ದ್ವಾರಕೀಶ್ ಅವರ ‘ಕುಳ್ಳ ಏಜೆಂಟ್ 000’ ಹಾಕಿ. ಬಾಂಡನನ್ನೇ ಗೇಲಿ ಮಾಡಿದ 1972ರ ಚಿತ್ರ. ‘ಆಡು ಆಟ ಆಡು’ ಹಾಡಿದವರು ಯಾರು ಗೊತ್ತೇ? ಕಿಶೋರ್ ಕುಮಾರ್! ರಾಜನ್-ನಾಗೇಂದ್ರ ಅವರ ಸಂಗೀತ. ಮುಂಬಯಿ ಕನ್ನಡಿಗರು ಕಾಲರ್ ಎತ್ತಿಕೊಂಡು ಓಡಾಡಬಹುದಾದ ಹಾಡು.

ಮಾಟುಂಗಾ ಮಾಣಿ
ನಮ್ಮ ಸೊಸೈಟಿಯ ಗಣೇಶೋತ್ಸವದಲ್ಲಿ ಈ ಹಾಡು ಹಾಕಿದೆ. ಪಕ್ಕದ ಮನೆಯ ಮರಾಠಿ ಕಾಕಾ ‘ಕಿಶೋರದಾ ಇದ್ಯಾವ ಭಾಷೆಯಲ್ಲಿ ಹಾಡುತ್ತಿದ್ದಾರೆ’ ಎಂದು ಬಂದವರು ಚಹಾ ಮುಗಿಯುವವರೆಗೆ ಕದಲಲಿಲ್ಲ. ಕನ್ನಡ ಸಂಘಕ್ಕೆ ಸದಸ್ಯತ್ವ ಕೊಡುವುದೊಂದು ಬಾಕಿ.

ಡೊಂಬಿವಲಿ ಅಕ್ಕ
ಕಿಶೋರ್ ಎಂದರೆ ನನಗೆ 1962ರ ‘ಹಾಫ್ ಟಿಕೆಟ್’. ಪೂರ್ತಿ ಟಿಕೆಟಿಗೆ ಕಾಸಿಲ್ಲದೆ ಮಗುವಿನ ವೇಷದಲ್ಲಿ ಮುಂಬಯಿ ರೈಲು ಹತ್ತುತ್ತಾನೆ, ಕಳ್ಳಸಾಗಣೆಯ ವಜ್ರ ಅವನ ಜೇಬು ಸೇರುತ್ತದೆ, ಹಿಂದೆ ಪ್ರಾಣ್. ‘ಆಕೇ ಸೀಧೀ ಲಗೀ’ ಹಾಡಿನಲ್ಲಿ ಗಂಡು ಧ್ವನಿಯೂ ಹೆಣ್ಣು ಧ್ವನಿಯೂ ಕಿಶೋರನದ್ದೇ, ಸಂಗೀತ ಸಲೀಲ್ ಚೌಧರಿ. ನಗೆಚಿತ್ರವೇ ಆಗಬೇಕೆಂದರೆ ಇದು. ಇದರಲ್ಲಿ ಮಾತಿಗಿಂತ ಕುಣಿತವೇ ಹೆಚ್ಚು, ಹಾಗಾಗಿ ನನ್ನ ಮೊದಲಿನ ತಕರಾರು ಇದಕ್ಕೆ ತಾಗುವುದಿಲ್ಲ.

ಡೆಕ್ಕನ್ ಧಾರವಾಡ
ಮತ್ತೆ ಹಿಂದಿ!

ಇರಲಿ, ಹೊರಗಿನದೇ ಬೇಕೆಂದರೆ ಪುಣೆಯವರು ಮರಾಠಿಯನ್ನಾದರೂ ನೆನೆಯಿರಿ. ಪು.ಲ. ದೇಶಪಾಂಡೆಯವರ ‘ಗುಳಾಚಾ ಗಣಪತಿ’, 1953. ಬರೆದವರು ಅವರು, ನಿರ್ದೇಶಿಸಿದವರು ಅವರು, ಸಂಗೀತ ಅವರದು, ನಟನೆಯೂ ಅವರದು. ಅದರ ‘ಇಂದ್ರಾಯಣೀ ಕಾಠೀ’ ಹಾಡಿದವರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಅಂದರೆ ಅರ್ಧ ಕನ್ನಡ ಚಿತ್ರವೇ.

ಹಿಂಜವಾಡಿ ಹುಡುಗ
ಈ ಲೆಕ್ಕದಲ್ಲಿ ‘ಪಡೋಸನ್’ ಕೂಡ ಅರ್ಧ ದಕ್ಷಿಣದ ಚಿತ್ರ. ದಕ್ಷಿಣದ ಸಂಗೀತ ಮೇಷ್ಟ್ರಾಗಿ ಮೆಹಮೂದ್ ಇದ್ದಾರಲ್ಲ.

ಮಾಟುಂಗಾ ಮಾಣಿ
ಅದೇ ತಕರಾರು ತಮ್ಮಾ. ಜುಟ್ಟು, ವಿಭೂತಿ, ‘ಅಯ್ಯಯ್ಯೋ’, ದಕ್ಷಿಣದವರೆಂದರೆ ಇಷ್ಟೇ ಎಂದು ಉತ್ತರದವರು ನಂಬಿದ್ದಕ್ಕೆ ಆ ಪಾತ್ರದ ಕಾಣಿಕೆ ದೊಡ್ಡದು. ಶಾಲೆಯಲ್ಲಿ ನನ್ನನ್ನು ಆ ಧಾಟಿಯಲ್ಲೇ ಕರೆಯುತ್ತಿದ್ದರು. ನನ್ನ ಮಕ್ಕಳ ಮುಂದೆ ಅದನ್ನು ಹಾಕಲು ಮನಸ್ಸಿಲ್ಲ.

ಚೆಂಬೂರು ಚಟಾಕಿ
ಅತಿ ಸೂಕ್ಷ್ಮವಾದಿರಿ ಮಾಣಿಯವರೇ. ‘ಏಕ್ ಚತುರ ನಾರ್’ ಹಾಡಿನಲ್ಲಿ ಸಂಗೀತ ಬರುವವನು ದಕ್ಷಿಣದ ಮೇಷ್ಟ್ರು, ಮನ್ನಾ ಡೇ ಅವರ ಧ್ವನಿ. ಸಂಗೀತ ಬಾರದೆ ತುಟಿ ಆಡಿಸುವವನು ಉತ್ತರದ ನಾಯಕ. ಗೇಲಿ ಯಾರ ಮೇಲೆ ಎಂದು ಇನ್ನೊಮ್ಮೆ ನೋಡಿ.

ಮಾಟುಂಗಾ ಮಾಣಿ
ನೋಡಿದ್ದೇನೆ. ಕೊನೆಗೆ ಗೆಲ್ಲುವವನು ತುಟಿ ಆಡಿಸಿದವನೇ.

ಹಳೆಯ ರೀಲು
‘ಏಕ್ ಚತುರ ನಾರ್’ ಎತ್ತುಗಡೆ 1941ರ ‘ಝೂಲಾ’ ಚಿತ್ರದಲ್ಲಿ ಅಶೋಕ್ ಕುಮಾರ್ ಹಾಡಿದ್ದು. ಜಗಳದ ನಡುವೆ ಸುಮ್ಮನೆ ಹೇಳಿದೆ.

ಪರೇಲಿನ ಪೋಸ್ಟರು
ತಡವಾಗಿ ಬಂದೆ. ಮೈಸೂರಿನ ಹುಡುಗನನ್ನೇ ಎಲ್ಲರೂ ಮರೆತಿದ್ದೀರಿ! ಸಾಬು. ಕಾರಾಪುರದ ಮಾವುತನ ಮಗ. ಅಮೆರಿಕದ ನಿರ್ದೇಶಕ ಫ್ಲಾಹರ್ಟಿಯವರು ಆನೆಯ ಚಿತ್ರ ಮಾಡಲು ಮೈಸೂರಿಗೆ ಬಂದಾಗ ಸಿಕ್ಕವನು. ‘ಎಲಿಫೆಂಟ್ ಬಾಯ್’ 1937ರಲ್ಲಿ ಬಂತು, 1940ರಲ್ಲಿ ‘ದ ಥೀಫ್ ಆಫ್ ಬಾಗ್ದಾದ್’ನ ಕಳ್ಳ ಹುಡುಗನೇ ಅವನು. ಸೀಸೆಯಿಂದ ಹೊರಬಂದು ಆಕಾಶ ಮುಟ್ಟುವ ಭೂತ, ಹಾರುವ ಜಮಖಾನ, ಯಾಂತ್ರಿಕ ಕುದುರೆ. ಲಂಡನ್ನಿನಲ್ಲಿ ಶುರುವಾದ ಚಿತ್ರೀಕರಣ ಯುದ್ಧದಿಂದಾಗಿ ಅಮೆರಿಕಕ್ಕೆ ಹೋಯಿತು. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮ, ಮೂರಕ್ಕೂ ಆಸ್ಕರ್. ಪೂರ್ತಿ ಬಣ್ಣದ ಚಿತ್ರ, ಹಾಗಾಗಿ ಟಿವಿ ಕೆಟ್ಟಿದೆ ಎನ್ನುವ ಹುಡುಗನೂ ಕುಳಿತುಕೊಳ್ಳುತ್ತಾನೆ. ಸಾಬು ಮುಂದೆ ಅಮೆರಿಕದ ವಾಯುಪಡೆಯಲ್ಲಿ ಬಾಂಬರ್ ವಿಮಾನದ ಬಾಲದ ಗನ್ನರ್ ಆಗಿ ಯುದ್ಧ ಮಾಡಿದ. 1963ರಲ್ಲಿ ತೀರಿಕೊಂಡಾಗ ನಲವತ್ತೂ ತುಂಬಿರಲಿಲ್ಲ.

ಡೆಕ್ಕನ್ ಧಾರವಾಡ
ಈಗ ಇಂಗ್ಲಿಷ್! ನಾಳೆ ಜಪಾನಿ ಬರುತ್ತದೆ.

ಪರೇಲಿನ ಪೋಸ್ಟರು
ರಾಯರೇ, ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಗಡಿ ಹಾಕುತ್ತಾ ಕುಳಿತರೆ ನಮ್ಮ ಸಿನಿಮಾ ಹುಟ್ಟುತ್ತಲೇ ಇರಲಿಲ್ಲ. ನಾನಿರುವ ಪರೇಲನ್ನೇ ನೋಡಿ. ಶಾಂತಾರಾಮ್ ಅವರ ರಾಜಕಮಲ್ ಕಲಾಮಂದಿರ ಎದ್ದದ್ದು ನಾಡಿಯಾ ಚಾಟಿ ಬೀಸಿದ ವಾಡಿಯಾ ಮೂವಿಟೋನ್ ಜಾಗದಲ್ಲಿ.

ಡೆಕ್ಕನ್ ಧಾರವಾಡ
ಹುಟ್ಟಿದ್ದು ಎಲ್ಲೇ ಆಗಲಿ, ಆಡಿದ ಮಾತು ಕನ್ನಡ. ನಾನು ಕೇಳುತ್ತಿರುವುದೂ ಅಷ್ಟನ್ನೇ.

ಮಾಟುಂಗಾ ಮಾಣಿ
ಕನ್ನಡದ್ದೇ ಬೇಕೆಂದರೆ ಹಿಡಿಯಿರಿ: ‘ವೀರಕೇಸರಿ’, 1963. ರಾಜಕುಮಾರ್, ಲೀಲಾವತಿ, ಖಡ್ಗ, ಕುದುರೆ, ಅರಮನೆ. ‘ಮೆಲ್ಲುಸಿರೇ ಸವಿಗಾನ’ವನ್ನು ಘಂಟಸಾಲ ಮತ್ತು ಸುಶೀಲಾ ಹಾಡಿದ್ದಾರೆ. ನಿರ್ದೇಶಕರು ಬಿ. ವಿಠ್ಠಲಾಚಾರ್ಯರೇ, ನಮ್ಮ ಉಡುಪಿ ಪಕ್ಕದ ಉದ್ಯಾವರದವರು. ತೆಲುಗಿನವರು ‘ಜಾನಪದ ಬ್ರಹ್ಮ’ ಎಂದು ಕೊಂಡಾಡಿದರು, ನಾವು ಊರಿನವರೆಂದು ಹೇಳಿಕೊಳ್ಳುವುದನ್ನೂ ಮರೆತೆವು. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಶಂಕರಸಿಂಗ್ ಅವರ ಜೊತೆಗೆ ಮಹಾತ್ಮ ಪಿಕ್ಚರ್ಸ್ ಕಟ್ಟಿ, ‘ನಾಗಕನ್ನಿಕಾ’, ‘ಜಗನ್ಮೋಹಿನಿ’ ಮಾಡಿದ ಮೇಲೆ ಮದರಾಸಿಗೆ ಹೋದವರು. ಟೆಂಟಿನಲ್ಲಿ ನೆಲಕ್ಕೆ ಕುಳಿತವರು ಎಲ್ಲಿ ಸೀಟಿ ಹೊಡೆಯುತ್ತಾರೆ, ಎಲ್ಲಿ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ ಎಂಬುದನ್ನು ನೋಡಿಯೇ ಕಲಿತಿದ್ದರು. ಅದಕ್ಕೇ ಅವರ ಚಿತ್ರದಲ್ಲಿ ಹತ್ತು ನಿಮಿಷಕ್ಕೊಂದು ಭೂತ.

ನಟರು ಡೇಟು ಕೊಡದೆ ಸತಾಯಿಸಿದರೆ ಕಥೆಯಲ್ಲಿ ಅವರನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರ ಮುಗಿಸುತ್ತಿದ್ದರು ಎಂಬ ಕಥೆ ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ. ನಿಜವೋ ಕಟ್ಟುಕಥೆಯೋ, ನಮ್ಮ ಕೆಲವು ಸಂಘಗಳ ಪದಾಧಿಕಾರಿಗಳ ಮೇಲೂ ಪ್ರಯೋಗಿಸಬಹುದು.

ಹಳೆಯ ರೀಲು
‘ವೀರಕೇಸರಿ’ಯನ್ನು ಅದೇ ವರ್ಷ ತೆಲುಗಿನಲ್ಲಿ ‘ಬಂದಿಪೋಟು’ ಎಂದು ಎನ್.ಟಿ.ಆರ್. ಜೊತೆ ಮಾಡಿದರು. ‘ಮೆಲ್ಲುಸಿರೇ’ ಧಾಟಿಯೇ ಅಲ್ಲಿ ‘ಊಹಲು ಗುಸಗುಸಲಾಡೇ’.

ಇದೇ ಜಾತಿಯ ಇನ್ನೊಂದು ಕನ್ನಡದ್ದು, 1957ರ ‘ರತ್ನಗಿರಿ ರಹಸ್ಯ’. ಪಂತುಲು ಅವರ ನಿರ್ದೇಶನ, ನಾಯಕ ಉದಯಕುಮಾರ್, ‘ಅಮರ ಮಧುರ ಪ್ರೇಮ’ ಅದರದ್ದೇ. ತಮಿಳಿನ ಆವೃತ್ತಿಯಲ್ಲಿ ಶಿವಾಜಿ ಗಣೇಶನ್ ಇದ್ದರು. ಕಾಡಿನಲ್ಲಿ ಬೆಳೆದ ನಾಯಕನಿಗೆ ಪ್ರೀತಿಯೇ ಮಾತು ಕಲಿಸುತ್ತದೆ. ಹಾಡುಗಳು ಒಂದಕ್ಕಿಂತ ಒಂದು ಚೆನ್ನ.

ವಕೀಲರ ಓಣಿ
ನಡುವೆ ಬಾಯಿ ಹಾಕುತ್ತಿದ್ದೇನೆ. ಯೂಟ್ಯೂಬಿನಲ್ಲಿ ಇದೆ ಎಂದ ಮಾತ್ರಕ್ಕೆ ಸಭಾಂಗಣದಲ್ಲಿ ತೋರಿಸಲು ಬರುವುದಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾಕ್ಕೆ 60 ವರ್ಷ ರಕ್ಷಣೆ. ಬಿಡುಗಡೆಯಾದ ವರ್ಷದ ಮರು ಜನವರಿಯಿಂದ ಎಣಿಸಬೇಕು. 1957ರ ಚಿತ್ರದ ಅವಧಿ 2017ರ ಕೊನೆಗೆ ಮುಗಿದಿದೆ, 1962ರದ್ದು 2022ಕ್ಕೆ, 1963ರದ್ದು 2023ಕ್ಕೆ. ಹಾಗಾಗಿ ‘ರತ್ನಗಿರಿ ರಹಸ್ಯ’, ‘ಹಾಫ್ ಟಿಕೆಟ್’, ‘ವೀರಕೇಸರಿ’ಗೆ ಆ ಅಡ್ಡಿ ಇಲ್ಲ. ‘ಪಡೋಸನ್’ ಮತ್ತು ವಾಸ್ಕೋದ ಮಾವನವರ ಗೋವಾ ಚಿತ್ರ ಎರಡೂ 1968ರವು, 2028 ಮುಗಿಯುವವರೆಗೆ ಹಕ್ಕುದಾರರ ಅನುಮತಿ ಬೇಕು.

ಇನ್ನೊಂದು ಎಚ್ಚರಿಕೆ. ‘ಮಾಯಾಬಜಾರ್’ 1957ರದ್ದಾದರೂ 2010ರಲ್ಲಿ ಬಣ್ಣ ತುಂಬಿ ಬಿಟ್ಟ ಪ್ರತಿಯ ಮೇಲೆ ಅದನ್ನು ಮಾಡಿದವರು ಬೇರೆ ಹಕ್ಕು ಕೇಳಬಹುದು. ಕಪ್ಪು-ಬಿಳುಪಿನ ಮೂಲವನ್ನೇ ಹಾಕಿ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕಿನ ಲೆಕ್ಕವೂ ಬೇರೆಯೇ ಇರುತ್ತದೆ, ಟಿಕೆಟ್ ಇಟ್ಟು ಹಣ ಎತ್ತುವುದಾದರೆ ಮೊದಲು ಕೇಳಿಕೊಳ್ಳಿ.

ವಾಸ್ಕೋದ ಮಾವ
ಕಾಯ್ದೆಗೂ ಗೋವಾದ ಮೇಲೆ ಹಗೆಯೇ?

ಹಿಂಜವಾಡಿ ಹುಡುಗ
ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ರಾತ್ರಿ ಅಕ್ಕನ ಮಗನಿಗೆ ಘಟೋತ್ಕಚನ ಊಟ ತೋರಿಸಿದೆ, ಕಪ್ಪು-ಬಿಳುಪಿನಲ್ಲೇ. ಟಿವಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಮತ್ತೆ ಹಾಕು, ಮತ್ತೆ ಹಾಕು ಎಂದು ಲಾಡು ಎಲ್ಲಿಂದ ಏಳುತ್ತದೆ ಎಂದು ಪರದೆಗೆ ಮೂಗು ತಾಗಿಸಿ ನೋಡಿದ. ಆಮೇಲೆ ಊಟದ ಮೇಜಿನ ಮೇಲೆ ಹೊಲಿಗೆ ದಾರ ಕಟ್ಟಿ ಚಪಾತಿ ಎಳೆದಾಡಿ ಅಕ್ಕನಿಂದ ಏಟು ತಿಂದ. ಮಾಣಿ ಅಣ್ಣ, ಈ ಸುತ್ತು ನಿಮ್ಮದು.

ಆದರೆ ಬೆಳದಿಂಗಳಲ್ಲಿ ದೋಣಿಯ ಹಾಡು ಬಂದ ಕೂಡಲೇ ಎದ್ದುಹೋದ. ಹಾಡುಗಳನ್ನು ಕತ್ತರಿಸಿದರೆ ಮಕ್ಕಳು ಕುಳಿತುಕೊಳ್ಳುತ್ತಾರೆ. ಮೂರು ಗಂಟೆಯ ಚಿತ್ರ ಎರಡಕ್ಕೆ ಇಳಿಯುತ್ತದೆ.

ಡೊಂಬಿವಲಿ ಅಕ್ಕ
ಏನೆಂದಿರಿ? ‘ಲಾಹಿರಿ ಲಾಹಿರಿ’ ಕತ್ತರಿಸುವುದೇ? ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಅವರು ಕಪ್ಪು-ಬಿಳುಪಿನಲ್ಲಿ ಹುಟ್ಟಿಸಿದ ಆ ಬೆಳದಿಂಗಳೂ ಲಾಡಿನಷ್ಟೇ ದೊಡ್ಡ ಮಾಯಾಜಾಲ. ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ಕತ್ತರಿಯೇ?

ಮಾಟುಂಗಾ ಮಾಣಿ
ಹಾಡು ಕತ್ತರಿಸಿದರೆ ಅಜ್ಜಿಯರ ಸಾಲು ಪೂರ್ತಿ ಎದ್ದುಹೋಗುತ್ತದೆ. ನನ್ನ ತಾಯಿಗೆ ಕಥೆ ನೆನಪಿಲ್ಲ, ನಟರ ಹೆಸರು ನೆನಪಿಲ್ಲ, ‘ಮೆಲ್ಲುಸಿರೇ’ ಮಾತ್ರ ಚರಣ ಸಹಿತ ಬಾಯಿಗೆ ಬರುತ್ತದೆ. ಅವರು ಬರುವುದೇ ಹಾಡಿಗೆ. ಹುಡುಗರು ಹಾಡಿನ ಹೊತ್ತಿನಲ್ಲಿ ಹೊರಗೆ ಹೋಗಿ ಪಟಾಕಿ ಹೊಡೆಯಲಿ. ಭೂತ ಬಂದಾಗ ಕೂಗಿ ಕರೆದರಾಯಿತು.

ಚೆಂಬೂರು ಚಟಾಕಿ
ಟೂರಿಂಗ್ ಟಾಕೀಸಿನಲ್ಲಿ ದೊಡ್ಡವರು ಮಾಡುತ್ತಿದ್ದದ್ದೂ ಅದನ್ನೇ.

ಕೊಥ್ರೂಡ್ ಕಟ್ಟೆ
ಸಮಿತಿ ಸಭೆ ಮುಗಿಸಿ ಬಂದೆ. ತೀರ್ಮಾನ: ‘ವೀರಕೇಸರಿ’. ಕನ್ನಡದ್ದಾದ್ದರಿಂದ ಡೆಕ್ಕನ್ ರಾಯರು ಒಪ್ಪಬೇಕು, ವಿಠ್ಠಲಾಚಾರ್ಯರದ್ದಾದ್ದರಿಂದ ಮಾಣಿಯವರು ಒಪ್ಪಬೇಕು, ಕಾನೂನಿನ ತೊಡಕೂ ಕಡಿಮೆ. ಟಿಕೆಟ್ ಇಡುವುದಿಲ್ಲ. ಪರದೆ ಎಳೆಯುವ ಮೊದಲು ನಮ್ಮ ಹುಡುಗನೊಬ್ಬ ‘ಆಡು ಆಟ ಆಡು’ ಹಾಡುತ್ತಾನೆ. ಹಾಡು ಕತ್ತರಿಸುವ ಸೂಚನೆಯನ್ನು ಮಹಿಳಾ ವಿಭಾಗ ಓದಲೂ ಬಿಡಲಿಲ್ಲ. ಒಳ್ಳೆಯ ಪ್ರತಿಯ ಹುಡುಕಾಟ ನಡೆದಿದೆ. ಲಾ ಕಾಲೇಜ್ ರಸ್ತೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಮ್ಮ ಮೂಗಿನಡಿಯಲ್ಲೇ ಇದೆ, ಅಲ್ಲಿ ವಿಚಾರಿಸಲು ಒಬ್ಬರನ್ನು ಕಳುಹಿಸುತ್ತಿದ್ದೇವೆ.

ಡೆಕ್ಕನ್ ಧಾರವಾಡ
ಒಪ್ಪಿದೆ. ಆದರೆ ಮಕ್ಕಳಿಗೆಂದು ಇಂಗ್ಲಿಷ್ ಅಡಿಬರಹ ಹಾಕಬೇಡಿ. ಓದುತ್ತಾ ಕುಳಿತರೆ ಕಿವಿ ಮುಚ್ಚಿಹೋಗುತ್ತದೆ.

ಡೊಂಬಿವಲಿ ಅಕ್ಕ
ಹಾಕಿ. ಅರ್ಥವಾಗದೆ ಎದ್ದುಹೋದವರಿಗೆ ಯಾವ ಕಿವಿಯಿಂದ ಕನ್ನಡ ಕೇಳಿಸುತ್ತೀರಿ ರಾಯರೇ?

ವಾಸ್ಕೋದ ಮಾವ
2029ರ ದೀಪಾವಳಿಗೆ ಗೋವಾ ಚಿತ್ರ ಹಾಕುತ್ತೀರೆಂದು ಈಗಲೇ ಬರೆದುಕೊಡಿ. ನಾನು ರೈಲಿನಲ್ಲಿ ಬರುತ್ತೇನೆ, ಪೂರ್ತಿ ಟಿಕೆಟ್ ತೆಗೆದುಕೊಂಡೇ.

ಪರೇಲಿನ ಪೋಸ್ಟರು
ಅದೆಲ್ಲ ಇರಲಿ, ಕುರ್ಚಿ ಯಾವುವು? ಕಳೆದ ಸಲದಂತೆ ಕಬ್ಬಿಣದ ಮಡಚು ಕುರ್ಚಿಗಳಾದರೆ ಮಧ್ಯಂತರದ ಮೊದಲೇ ನಾನು ಹೊರಡುವವನು.

ಕೊಥ್ರೂಡ್ ಕಟ್ಟೆ
ಮುಂದಿನ ಎರಡು ಸಾಲು ದಿಂಬಿನ ಕುರ್ಚಿ, ಅಜ್ಜಿಯರಿಗೆ ಮೀಸಲು. ಮಕ್ಕಳಿಗೆ ಜಮಖಾನ. ನಡುವಿನವರೆಲ್ಲ ಕಬ್ಬಿಣವೇ. ಮನೆಯಿಂದ ದಿಂಬು ತನ್ನಿ.